ನಾಯಿಗೆ ಕೇಳಿದ್ದು ನನಗೆ ಕೇಳಲಿಲ್ಲ

ಮಡಿಕೇರಿಯ ಮಳೆಗಾಲದಲ್ಲಿ ಅಲುಗಾಡದ ವಸ್ತುವಿಗೆಲ್ಲ ಬೂಷ್ಟು ಹಿಡಿಯುತ್ತದೆ. ಬೆಲ್ಟು, ಬೂಟು, ಮದುವೆ ಆಲ್ಬಮ್ಮು, ಕುರ್ಚಿ ಬಿಟ್ಟೇಳದ ಗಂಡಸರು. ನಿಮ್ಮ ಮನೆಯದೂ ಇದೇ ಕಥೆ, ನಾಚಿಕೆ ಬೇಡ. ಬೂಷ್ಟು ಒರೆಸುವ ನೆಪದಲ್ಲಿ ತೀರಿಹೋದ ಮಾವನವರ ಟ್ರಂಕು ತೆಗೆದರೆ, ತಳದಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’! ಲಂಡನ್ನಿನಿಂದ ಯಾರೋ ತಂದುಕೊಟ್ಟ ಅಸಲಿ ಪ್ಲೇಟು. ಅಧಿಕೃತ ಬಿಡುಗಡೆ 1967ರ ಜೂನ್ 1. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನವೂ ಅದೇ. ಹುಟ್ಟಿದ ಗಳಿಗೆಯಲ್ಲೇ ಬೂಷ್ಟು ಬರೆದಿತ್ತು.

ಅಂದಿನಿಂದ ನಾನು ರಸಿಕನಾದೆ. ಸೈಕೆಡೆಲಿಕ್ ರಾಕ್ ಕೇಳಿದರೆ ಕಣ್ಮುಂದೆ ಬಣ್ಣಗಳು ಕುಣಿಯಬೇಕು ಎಂದು ಹಾಲಿನವನಿಗೂ ವಿವರಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, “ಹಾಗಾದ್ರೆ ನಾಳೆಯಿಂದ ಅರ್ಧ ಲೀಟರ್ ಜಾಸ್ತಿ ಹಾಕ್ಲಾ ಸಾರ್?” ಅಂದ.

ಪ್ಲೇಟು ತೊಳೆಯಲು ಬೆಂಗಳೂರಿನಿಂದ ವಿಶೇಷ ದ್ರಾವಣ, ಮೆತ್ತನೆ ಬ್ರಷ್ಷು ತರಿಸಿದೆ. ಹೆಂಡತಿಗೆ ಬೆಲೆ ಹೇಳುವಾಗ ಒಂದು ಸೊನ್ನೆ ನುಂಗಿಕೊಂಡೆ. ಬೂಷ್ಟು ಜಾಗ ಬದಲಿಸಿತೇ ಹೊರತು ಮನೆ ಬಿಡಲಿಲ್ಲ. ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಅದನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿ, ಹಳೇ ಪಂಚೆಯಲ್ಲಿ ಒರೆಸಿ, ಲೋಟಗಳ ಪಕ್ಕ ಒರಗಿಸಿದ್ದಳು. ಫಳಫಳ! “ರೀ, ನಿಮ್ಮ ಬಾಟಲಿ ನೀರು ಕಿಟಕಿ ಗಾಜಿಗೆ ಚೆನ್ನಾಗಿದೆ” ಎಂದು ಸಮಾಧಾನವನ್ನೂ ಹೇಳಿದಳು.

ಉದ್ಘಾಟನೆಗೆ ಕೊಡಗಿನ ಕಕ್ಕಡ ಮಾಸದ 18ನ್ನು, ಅಂದರೆ ಆಗಸ್ಟ್ 3ನ್ನು ಆರಿಸಿದೆ. ಅತ್ತೆ ಮದ್ದು ಸೊಪ್ಪು ಬಿಡಿಸುತ್ತ ಕೂತಿದ್ದರು. ಎದ್ದುಹೋಗುವ ಸಾಧ್ಯತೆ ಇಲ್ಲ. ಸುಮಾರು 700 ಗಂಟೆ ಧ್ವನಿಮುದ್ರಣ, ಅದೂ ನಾಲ್ಕೇ ಟ್ರ್ಯಾಕಿನ ಯಂತ್ರದಲ್ಲಿ ಎಂದು ಭಾಷಣ ಶುರು ಮಾಡಿದೆ. ರಟ್ಟಿನ ಮೇಲಿನ ಗುಂಪಿನಲ್ಲಿ ಪರಮಹಂಸ ಯೋಗಾನಂದರೂ ಅವರ ಗುರುಗಳೂ ಇದ್ದಾರೆ. ಗಾಂಧೀಜಿಯೂ ಇದ್ದರು, ಭಾರತದಲ್ಲಿ ಗಲಾಟೆಯಾದೀತೆಂದು ಕಂಪನಿಯೇ ಅಳಿಸಿತು. “ನಮ್ಮ ದೇಶಕ್ಕೆ ಹೆದರಿದರು!” ಎಂದು ಎದೆಯುಬ್ಬಿಸಿದೆ.

“ಹೆದರಿಕೆ ಒಳ್ಳೇದೇ. ಟೀಪಾಯಿ ಮೇಲಿಂದ ಕಾಲು ತೆಗೀರಿ” ಅಂದಳು ಹೆಂಡತಿ.

ಮೊದಲ ಬದಿಯ ಕೊನೆ ಹಾಡು ಸರ್ಕಸ್ಸಿನದು. ಅದಕ್ಕಾಗಿ ಜಾತ್ರೆ ಆರ್ಗನ್ನಿನ ಟೇಪುಗಳನ್ನು ಚೂರುಚೂರು ಕತ್ತರಿಸಿ, ಗಾಳಿಗೆ ತೂರಿ, ಸಿಕ್ಕಂತೆ ಅಂಟಿಸಿದರಂತೆ. ಆದ್ದರಿಂದ ಏನು ಕೇಳಿದರೂ ತಲೆದೂಗಬೇಕು ಎಂದು ಸೂಚನೆ ಕೊಟ್ಟು ಕಣ್ಮುಚ್ಚಿದೆ. ಆಹಾ, ಎಂಥಾ ಲಯ! ಒಂದೇ ಸಮನೆ ದಡದಡದಡ! ಇಂಥ ತಾಳ ಕೇಳಲು ಪುಣ್ಯ ಬೇಕು ಅಂದುಕೊಳ್ಳುತ್ತಿರುವಾಗ ಮಗಳು ಭುಜ ಅಲುಗಿಸಿದಳು. “ಅಪ್ಪಾ, ಕರೆಂಟು ಆವಾಗ್ಲೇ ಹೋಯ್ತು. ಅದು ಶೀಟಿನ ಮೇಲೆ ಮಳೆ.”

ಸಂಜೆ ಕರೆಂಟು ಬಂತು. ಎರಡನೇ ಬದಿ ಜಾರ್ಜ್ ಹ್ಯಾರಿಸನ್ನನ ಹಾಡಿನಿಂದ ಶುರು: ತಂಬೂರಿ, ತಬಲಾ, ದಿಲ್‌ರುಬಾ, ಹೆಚ್ಚಿನವು ಲಂಡನ್ನಿನ ಭಾರತೀಯ ವಾದಕರದು, ಬೀಟಲ್ಸ್‌ನ ಉಳಿದ ಮೂವರು ಇದರಲ್ಲಿ ಇಲ್ಲವೇ ಇಲ್ಲ. ಅಡುಗೆಮನೆಯಿಂದ ಪ್ರಶ್ನೆ ಬಂತು: “ರೀ, ಮಡಿಕೇರಿ ಆಕಾಶವಾಣಿ ಹಾಕಿದ್ರಾ? ವಾರ್ತೆ ಆಯ್ತಾ?” ನಾನು ಮುಖ ಬಿಗಿದು, ಇದು ಆತ್ಮ ಅನಾತ್ಮಗಳ ವಿಚಾರ ಎಂದು ವ್ಯಾಖ್ಯಾನಿಸಿ ಮುಗಿಸುವುದಕ್ಕೂ ಪ್ಲೇಟಿನೊಳಗಿನ ಜನ ಗೊಳ್ಳೆಂದು ನಗುವುದಕ್ಕೂ ಸರಿಹೋಯಿತು. ಹಾಡಿನ ಕೊನೆಗೆ ಆ ನಗು ಸೇರಿಸಿದವನು ಹ್ಯಾರಿಸನ್ನನೇ. ಮಗಳು ಇನ್ನಷ್ಟು ಹೊತ್ತು ನಕ್ಕಳು.

ಆದರೆ ನನ್ನ ಬ್ರಹ್ಮಾಸ್ತ್ರ ಇದ್ದದ್ದು ಕೊನೆಗೆ. ಪಿಯಾನೋಗಳನ್ನೆಲ್ಲ ಒಟ್ಟಿಗೆ ಒತ್ತಿದ ಒಂದೇ ನಾದ ಮುಕ್ಕಾಲು ನಿಮಿಷದ ತನಕ ಕರಗುತ್ತ ಹೋಗುತ್ತದೆ. ಆಮೇಲೆ ನಾಯಿಗಳಿಗೆಂದೇ ಸೆಕೆಂಡಿಗೆ 15,000 ಕಂಪನದ ಒಂದು ಸಣ್ಣ ಸ್ವರ. ಈ ಗುಟ್ಟನ್ನು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದೆ. ನಾದ ಇಳಿಯತೊಡಗಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ನಮ್ಮ ನಾಯಿ ಜಿಮ್ಮಿಯ ಬೆಲ್ಟು ಹಿಡಿದುಕೊಂಡು, “ಈಗ ಬೊಗಳುತ್ತೆ ನೋಡಿ. ನಿಮ್ಮ ಮಾವ ಹಾಕಿದಾಗೆಲ್ಲ ಹಳೇ ಜಿಮ್ಮಿದೂ ಇದೇ ಗೋಳು” ಅಂದರು.

ಬೊಗಳಿತು. ಮಗಳು ಕಿವಿ ಮುಚ್ಚಿಕೊಂಡು, “ಅಯ್ಯೋ, ಚುಚ್ಚುತ್ತೆ!” ಅಂದಳು. ನನಗೆ ಏನೇನೂ ಕೇಳಲಿಲ್ಲ. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ಇಂಥ ಕೀರಲು ಸ್ವರಗಳೇ ಎಂದು ಆಮೇಲೆ ಓದಿದೆ. “ಅಕ್ಕಿ ಮುಗಿದಿದೆ ಅಂದ್ರೂ ಅವರಿಗೆ ಕೇಳಲ್ಲ” ಎಂದು ಒಳಗಿನಿಂದ ಷರಾ ಬಂತು.

ರಾತ್ರಿ ಮದ್ದು ಸೊಪ್ಪಿನ ಪಾಯಸ. ಕಡು ನೇರಳೆ ಬಣ್ಣ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆಂದು ಇಲ್ಲಿನವರ ನಂಬಿಕೆ. ತಿಂದವರ ಮೂತ್ರ ಕೆಂಪಾಗುವುದು ಮಾತ್ರ ನಂಬಿಕೆಯಲ್ಲ; ಊರಿಗೆ ಹೊಸದಾಗಿ ಬಂದವರು ಆಸ್ಪತ್ರೆ ಹುಡುಕುವುದುಂಟು.

“ಅಂತೂ ಬಣ್ಣ ಕಾಣ್ತಾ ಅಪ್ಪಾ?” ಎಂದಳು ಮಗಳು.

ನಾನು ತಲೆ ತಗ್ಗಿಸಿದೆ. ಅತ್ತೆ ಇನ್ನೊಂದು ಸೌಟು ಬಡಿಸಿದರು.

“ತಿನ್ನಿ ಅಳಿಯಂದ್ರೇ, ಬೆಳಿಗ್ಗೆ ಕಾಣುತ್ತೆ.”