ಹಂಸದ ಮುಂದೆ ಆಸ್ಕರ್ ಯಾವ ಲೆಕ್ಕ?

ಆಸ್ಕರ್ ಬಂದರೆ ಅಭಿಮಾನಿಗಳು ಸಿನಿಮಾ ಬಿಟ್ಟು ನಟಿಯರ ಗೌನಿನ ಬಗ್ಗೆಯೇ ಹರಟುತ್ತಾರೆಂದು ಗೊಣಗುವವರುಂಟು. ನನಗೇನೋ ಅದೇ ಪ್ರಾಮಾಣಿಕ ವಿಮರ್ಶೆ ಅನ್ನಿಸುತ್ತದೆ. ನಾಮನಿರ್ದೇಶನಗೊಂಡ ಚಿತ್ರಗಳನ್ನೆಲ್ಲ ನೋಡಿದವರು ಎಷ್ಟು ಮಂದಿ? ಬಟ್ಟೆಯಾದರೋ ಕಣ್ಣೆದುರೇ ಇರುತ್ತದೆ. 2001ರಲ್ಲಿ ಗಾಯಕಿ ಬ್ಯೋರ್ಕ್ ಕೊರಳಿಗೆ ಹಂಸ ಸುತ್ತಿಕೊಂಡಂಥ ಉಡುಪಿನಲ್ಲಿ ಬಂದು, ಕೆಂಪು ಹಾಸಿನ ಮೇಲೆ ಮೊಟ್ಟೆ ಬೇರೆ ಇಟ್ಟರು! ಅವರು ಸ್ಪರ್ಧಿಸಿದ್ದ ಹಾಡಿನ ಪ್ರಶಸ್ತಿ ಬಾಬ್ ಡಿಲನ್ ಪಾಲಾಯಿತು; ಜನರ ನೆನಪಿನಲ್ಲಿ ಕೂತದ್ದು ಮಾತ್ರ ಹಂಸ. ಇದು ಕಲೆಗೆ ಅವಮಾನವಲ್ಲವೇ ಎಂದು ಕೇಳಬಹುದು. ಅಲ್ಲ ಸ್ವಾಮಿ, ವಸ್ತ್ರವಿನ್ಯಾಸಕ್ಕೆ ಅಕಾಡೆಮಿಯೇ ಪ್ರಶಸ್ತಿ ಕೊಡುತ್ತದಲ್ಲ! ಆಸ್ಕರ್ ಗೆದ್ದ ಮೊದಲ ಭಾರತೀಯರಾದ ಭಾನು ಅಥೈಯಾ ಗೆದ್ದದ್ದೂ ಬಟ್ಟೆಗೇ. ಅದೂ ಯಾವ ಚಿತ್ರಕ್ಕೆ? ತುಂಡು ಪಂಚೆಯಲ್ಲೇ ಜೀವನ ಸಾಗಿಸಿದವರ ಕಥೆ ಹೇಳುವ ‘ಗಾಂಧಿ’ಗೆ!