ದೊಡ್ಡವ್ವನ ಮುಂದೆ ಫ್ಲ್ಯಾಷ್‌ಬ್ಯಾಕು

ಹಗರಿಬೊಮ್ಮನಹಳ್ಳಿಯ ಯಾವ ಓಣಿಗೆ ಹೋದರೂ ಒಬ್ಬ ದೊಡ್ಡವ್ವ ಇರುತ್ತಾಳೆ. ಓಣಿಗೆಲ್ಲ ಅವಳು ದೊಡ್ಡವ್ವನೇ. ಸಂಜೆ ಮೊರದ ತುಂಬ ಶೇಂಗಾ ಹಾಕಿಕೊಂಡು ಟಿವಿ ಮುಂದೆ ಕೂತಳೆಂದರೆ ಕಣ್ಣು ಧಾರಾವಾಹಿಯದು, ಕೈ ಶೇಂಗಾದ್ದು. ನಾಗಕನ್ನೆ ಬುಸುಗುಟ್ಟಿದರೂ, ಸತ್ತವಳು ಕನ್ನಡಿಯಲ್ಲಿ ನಕ್ಕರೂ ಕಾಯಿ ಒಡೆಯುವ ಸದ್ದು ನಿಲ್ಲುವುದಿಲ್ಲ. ತೆರೆ ಹಳದಿಗೆ ತಿರುಗಿ, ಅಂಚು ಮಸುಕಾಗಿ, ನಾಯಕನ ಅಪ್ಪನ ಬೋಳುತಲೆಗೆ ಕಪ್ಪು ವಿಗ್ಗು ಬಂದರೆ ಮಾತ್ರ ಕೈ ನಿಲ್ಲುತ್ತದೆ. ಫ್ಲ್ಯಾಷ್‌ಬ್ಯಾಕು ಶುರುವಾಯಿತು, ಇನ್ನು ಲೆಕ್ಕ. "ಅಲ್ಲವ್ವಾ, ಹೋದ ಸಲ ತೋರಿಸ್ದಾಗ ಇಕಿ ಸತ್ತಾಗ ಕೂಸು ಹೊಟ್ಯಾಗ ಇತ್ತು. ಈಗ ತೊಟ್ಲಾಗ ಹೆಂಗ ಬಂತು?"

ಮನೆಯವರು ಇದನ್ನು ಕೊಂಕು ಎನ್ನುತ್ತಾರೆ. ನನ್ನ ಪ್ರಕಾರ ಅವಳಷ್ಟು ಉದಾರಿ ಪ್ರೇಕ್ಷಕಿ ಬೇರೆ ಇಲ್ಲ. 2016ರಲ್ಲಿ ಜೀ ಕನ್ನಡದ 'ನಾಗಿಣಿ' ಬಂದಾಗ ಹಾವು ಹೆಣ್ಣಾಗುವುದನ್ನು ಅವಳು ಪ್ರಶ್ನಿಸಲಿಲ್ಲ. 2019ರಲ್ಲಿ ಶುರುವಾದ 'ಜೊತೆ ಜೊತೆಯಲಿ'ಯಲ್ಲಿ ಅನು ಸಿರಿಮನೆಯೇ ರಾಜನಂದಿನಿಯ ಮರುಹುಟ್ಟು ಎಂದಾಗಲೂ ಆಗಲಿ ಎಂದಳು. 2022ರಲ್ಲಿ ಅದರ ನಾಯಕನ ಪಾತ್ರದಿಂದ ಅನಿರುದ್ಧ್ ಹೋಗಿ ಹರೀಶ್ ರಾಜ್ ಬಂದರು. ಅಪಘಾತ, ಶಸ್ತ್ರಚಿಕಿತ್ಸೆ ಎಂದು ಕಥೆ ಏನೋ ಒಂದು ಸಬೂಬು ಹೇಳಿತು. ಅದನ್ನೂ ಒಪ್ಪಿದಳು. ಬಯಲಾಟ, ನಾಟಕ ನೋಡಿ ಬೆಳೆದವಳಿಗೆ ಒಂದು ಪಾತ್ರಕ್ಕೆ ಎರಡು ಮುಖ ಹೊಸದೇನಲ್ಲ. ಅವಳು ಒಪ್ಪದಿರುವುದು ಎರಡನ್ನೇ: ತಪ್ಪಿದ ವಯಸ್ಸು ಮತ್ತು ತಪ್ಪಿದ ನಂಟು. ಮರುಹುಟ್ಟು ಎಂದ ಮೇಲೆ ಮೊದಲಿನವಳು ಸತ್ತಮೇಲೆಯೇ ಎರಡನೆಯವಳು ಹುಟ್ಟಬೇಕು. ಒಂದು ವಾರ ಹಿಂದುಮುಂದಾದರೂ ಒಂದೇ ಜೀವ ಎರಡು ಮನೆಯಲ್ಲಿ ಉಂಡಂತಾಯಿತಲ್ಲ!

ನಂಟಿನ ವಿಷಯಕ್ಕೆ ಬಂದರೆ ಅವಳು ಇನ್ನೂ ಬಿಗಿ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಿಂದಿನಿಂದ ನಡೆದು ಬಂದದ್ದು. ಚಿಕ್ಕವ್ವ ದೊಡ್ಡವ್ವರ ಮಕ್ಕಳೆಂದರೆ ಅಣ್ಣ-ತಂಗಿ. ಹೀಗಿರುವಾಗ ಹೊಸ ಫ್ಲ್ಯಾಷ್‌ಬ್ಯಾಕಿನಲ್ಲಿ ನಾಯಕನ ತಾಯಿಗೂ ನಾಯಕಿಯ ತಾಯಿಗೂ ಒಬ್ಬನೇ ಅಪ್ಪ ಎಂದು ತೋರಿಸಿದರೆ, ಬರೆದವರಿಗೆ ಅದು ಬರೀ ರೋಚಕ ತಿರುವು. ದೊಡ್ಡವ್ವನಿಗೆ ಮಾತ್ರ ಮುನ್ನೂರು ಕಂತು ಪ್ರೇಮಿಸಿ, ಹಂದರ ಹಾಕಿ, ತಾಳಿ ಕಟ್ಟಿಸಿದ ಜೋಡಿ ರಾತ್ರೋರಾತ್ರಿ ಅಣ್ಣ-ತಂಗಿಯಾಯಿತು. ದೆವ್ವ ಬಂದರೆ ಮಂತ್ರವಾದಿ ಬಿಡಿಸುತ್ತಾನೆ. ಈ ತೊಡಕನ್ನು ಯಾರು ಬಿಡಿಸಬೇಕು?

ದೆವ್ವದ ಕಥೆಗೆ ಲೆಕ್ಕ ಯಾಕೆ ಎಂಬ ಆಕ್ಷೇಪ ಇದ್ದೇ ಇದೆ. ಲೆಕ್ಕ ಬೇಕಾಗುವುದೇ ಅಲ್ಲಿ. ಕಥೆ ಒಂದು ದೊಡ್ಡ ಸುಳ್ಳನ್ನು ನಂಬಿ ಎಂದು ಕೇಳಿಕೊಂಡ ಮೇಲೆ ಉಳಿದ ಸಣ್ಣಪುಟ್ಟವೆಲ್ಲ ನಿಜದ ಹಾಗೆ ಕೂರಬೇಕು. ಪರಶುರಾಮ ರಾಮಾಯಣದಲ್ಲೂ ಮಹಾಭಾರತದಲ್ಲೂ ಬರುತ್ತಾನೆ. ಚಿರಂಜೀವಿ ಎಂದು ಪುರಾಣ ಮೊದಲೇ ಜಾಮೀನು ಕೊಟ್ಟಿದೆ. ದೊಡ್ಡಾಟದಲ್ಲಿ ರಾಜನೇ ಬರಲಿ, ರಾಕ್ಷಸನೇ ಬರಲಿ, ರಂಗಕ್ಕೆ ಕಾಲಿಟ್ಟವನನ್ನು ಸಾರಥಿ ತಡೆದು ಹೆಸರೇನು, ಊರು ಯಾವುದು, ಯಾರ ಮಗ ಎಂದು ವಿಚಾರಿಸುತ್ತಾನೆ. ಉತ್ತರ ಹೇಳದೆ ಆಟ ಮುಂದಕ್ಕೆ ಹೋಗದು. ಧಾರಾವಾಹಿಯವರು ಸಾರಥಿಯನ್ನು ಕೈಬಿಟ್ಟರು; ಆ ಕೆಲಸವನ್ನು ದೊಡ್ಡವ್ವ ಸಂಬಳವಿಲ್ಲದೆ ಮಾಡುತ್ತಿದ್ದಾಳೆ.

ಬರೆಯುವವರ ಕಷ್ಟವೂ ಸುಳ್ಳಲ್ಲ. ವಾರಕ್ಕೆ ಐದಾರು ಕಂತು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರ ಟಿಆರ್‌ಪಿ ಬಂದೊಡನೆ ಮುಂದಿನ ಕಥೆಯ ಜೊತೆ ಹಿಂದಿನ ಕಥೆಯೂ ತಿರುಗುತ್ತದೆ. ಊರುಗಳೇ ತಿರುಗುವುದಿಲ್ಲವೇ ಎಂದು ಯಾರಾದರೂ ಅವರ ಪರ ವಾದಿಸಬಹುದು. ಪಕ್ಕದ ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಯಾವ ಸೊಸೆಯೂ ಇಷ್ಟು ಸಲ ಮನೆ ಬದಲಿಸಿರಲಿಕ್ಕಿಲ್ಲ. ಆದರೆ ಪ್ರತಿ ಸಲವೂ ಸರಕಾರಿ ಆದೇಶ ಹೊರಟಿದೆ, ಕಚೇರಿಯ ಬೋರ್ಡು ಬದಲಾಗಿದೆ. ಮೊದಲಿನಿಂದಲೂ ದಾವಣಗೆರೆಯಲ್ಲೇ ಇದ್ದೆ ಎಂದು ಹರಪನಹಳ್ಳಿ ಎಂದೂ ಹೇಳಿಕೊಂಡಿಲ್ಲ. ಧಾರಾವಾಹಿ ಹೇಳುತ್ತದೆ, ಅದೂ ಕಣ್ಣೀರು ಹಾಕಿಕೊಂಡು.

ಇಷ್ಟೊಂದು ತಪ್ಪಿದ್ದರೆ ನೋಡುವುದಾದರೂ ಯಾಕೆ ಎಂದು ಸೊಸೆಯರು ಕೇಳುತ್ತಾರೆ. ತಪ್ಪು ಹಿಡಿಯುವುದು ಅರ್ಧ ಕೆಲಸ, ಸರಿಪಡಿಸುವುದು ಇನ್ನರ್ಧ; ರುಚಿ ಇರುವುದು ಎರಡನೆಯ ಅರ್ಧದಲ್ಲಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಒಂದೇ ಸಾಲು. ಅದನ್ನು ಮಳೆಗೆ, ಬೆಳೆಗೆ, ಕೊನೆಗೆ ಮುಖ್ಯಮಂತ್ರಿಯ ಕುರ್ಚಿಗೂ ಹೊಂದಿಸಿ ಅರ್ಥ ಹೇಳುವ ಕೆಲಸ ಕೇಳಿದವರದು. ಅಂಥ ಸೀಮೆಯ ದೊಡ್ಡವ್ವನಿಗೆ ಒಂದು ತೊಟ್ಟಿಲಿನ ತೊಡಕು ಯಾವ ಮಹಾ? ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ತೀರ್ಪು ತಯಾರು: "ಆಸ್ಪತ್ರ್ಯಾಗ ಕೂಸು ಅದಲುಬದಲು ಆಗ್ಯಾವ. ಇವ್ರು ಅಣ್ಣ-ತಂಗಿ ಅಲ್ಲೇ ಅಲ್ಲ." ಮೂರು ತಿಂಗಳು ಬಿಟ್ಟು ಧಾರಾವಾಹಿಯೂ ಅಲ್ಲಿಗೇ ಬರುತ್ತದೆ. ತೆರೆ ಮತ್ತೆ ಹಳದಿಯಾಗಿ, ನರ್ಸೊಬ್ಬಳು ಎರಡು ಕೂಸು ಎತ್ತಿಕೊಂಡು ಕಳ್ಳಹೆಜ್ಜೆ ಇಡುತ್ತಾಳೆ. ಮನೆಮಂದಿ ಬೆರಗಾಗಿ ದೊಡ್ಡವ್ವನ ಕಡೆ ತಿರುಗಿದರೆ ಅವಳು ನರ್ಸನ್ನೇ ದಿಟ್ಟಿಸುತ್ತಿರುತ್ತಾಳೆ. "ಇಕಿ ಆ ನಾಗಮಣಿ ಕದಿಯಾಕ ಹೋಗಿ ಬಾವ್ಯಾಗ ಬಿದ್ದು ಸತ್ತಾಕಿ ಅಲ್ಲೇನು? ಇವ್ರು ಹುಟ್ಟಾಕ ಮೊದಲ ಸತ್ತಿದ್ಲಲ್ಲ!"