ತಿರುಗೂದು ಬ್ಯಾರೆ, ಎತ್ತೂದು ಬ್ಯಾರೆ

ನಮ್ಮ ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದರೆ ಥರ್ಮಾಮೀಟರ್ ಎಲ್ಲಿದೆ ಎಂದು ಅರ್ಧ ತಾಸು ಹುಡುಕಬೇಕು. ಕಂಪ್ಯೂಟರಿಗೆ ಜ್ವರ ಬಂದರೆ ಹಾಗಲ್ಲ. ಪರದೆಯ ಮೂಲೆಯಲ್ಲಿ ಒಂದು ಅಂಕಿ, ಕ್ಯಾಬಿನೆಟ್ಟಿನ ಗಾಜಿನೊಳಗೆ ಮಿನುಗುವ ಇನ್ನೊಂದು ಅಂಕಿ, ನಮ್ಮವರ ಫೋನಿನಲ್ಲಿ ಅದರದೇ ಗ್ರಾಫು. ಊಟಕ್ಕೆ ಕೂತಾಗಲೂ ಅವರ ಒಂದು ಕಣ್ಣು ಆ ಕಡೆಗೇ. ನನಗೆ ಮೈ ಸುಡುತ್ತಿದ್ದಾಗ "ಒಂದು ಗುಳಿಗಿ ನುಂಗಿ ಮಲ್ಕೊ" ಎಂದು ಹೇಳಿ ಮೀಟಿಂಗಿಗೆ ಹೋದ ಮನುಷ್ಯ ಇವರೇ.

ನಾವಿರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಮಗ್ಗುಲಿನ ಚಾಂಡ್ಲರ್ ಎಂಬ ಊರು. ವಿಜಯಪುರದ ಬಿಸಿಲಿಗೆ ಹೆದರಿ ಓಡಿಬಂದವರು ಎಂದು ಯಾರೂ ತಿಳಿಯಬಾರದು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಒಂದು ದಿನವೂ ಬಿಡದೆ 31 ದಿನ ಫೀನಿಕ್ಸಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 43ಕ್ಕೂ ಮೇಲೆ. ಬೇಸಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿ ತಿರುವಿದರೂ ಬಿಸಿನೀರೇ ಬರುತ್ತದೆ. ವಿಜಯಪುರದ ಮಗ್ಗುಲಿನ ನಮ್ಮೂರು ಭೂತನಾಳದಿಂದ ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅತ್ತೆ ಒಂದೇ ಮಾತು ಹೇಳಿದ್ದರು: "ಇದಕ್ಕ ಅಷ್ಟು ರೊಕ್ಕಾ ಕೊಟ್ಟು ವಿಮಾನ ಹತ್ತಬೇಕಾಗಿತ್ತೇನು? ಭೂತನಾಳದಾಗ ಪುಕ್ಕಟೆ ಸಿಗತಿತ್ತಲ್ಲ."

ಕಂಪ್ಯೂಟರ್ ಬಂದದ್ದು ಮಗಳ ರಂಗಪ್ರವೇಶದ ನೆಪದಲ್ಲಿ. ಹೊರನಾಡಿನ ರಂಗಪ್ರವೇಶ ಅಂದರೆ ಗೊತ್ತಲ್ಲ, ಮದುವೆಯ ತಾಲೀಮು. ಛತ್ರ, ಊಟ, ಆಹ್ವಾನಪತ್ರಿಕೆ, ಊರಿಂದ ಬರುವ ಮೃದಂಗದವರು, ಮೇಲೆ ನಾಲ್ಕು ಕ್ಯಾಮೆರಾ. ವಿಡಿಯೋದವನು ಹೇಳಿದ ದರ ಕೇಳಿ ನಮ್ಮವರು, "ಎಡಿಟಿಂಗ್ ನಾನೇ ಮಾಡ್ತೀನಿ, ಉಳಿತಾಯ" ಎಂದರು. ಆ ಉಳಿತಾಯಕ್ಕಾಗಿ ವಿಡಿಯೋದವನ ದರದ ದುಪ್ಪಟ್ಟು ಕೊಟ್ಟು ಬಿಡಿಭಾಗಗಳನ್ನು ತರಿಸಿದರು. ಮಗ ಈ ಆರ್ಥಿಕ ನೀತಿಯನ್ನು ಹೃತ್ಪೂರ್ವಕವಾಗಿ ಬೆಂಬಲಿಸಿದ. ಹಗಲು ಅಕ್ಕನ ಅಲಾರಿಪು, ರಾತ್ರಿ ಅವನ ಯುದ್ಧದ ಆಟ ಅಂತ ಅಪ್ಪ-ಮಗನ ಒಳಒಪ್ಪಂದವಾದದ್ದು ನನಗೆ ಆಮೇಲೆ ತಿಳಿಯಿತು.

ಅಷ್ಟು ದೊಡ್ಡ ಪ್ರೊಸೆಸರಿಗೆ ಬರೀ ಫ್ಯಾನು ಸಾಲದಂತೆ, ಲಿಕ್ವಿಡ್ ಕೂಲರ್ ಬೇಕಂತೆ. ಪ್ರೊಸೆಸರಿನ ನೆತ್ತಿಗೆ ತಾಮ್ರದ ಬಿಲ್ಲೆ, ಬಿಲ್ಲೆಯ ಬೆನ್ನಿಗೆ ಅಂಗೈಯೊಳಗೆ ಕೂರುವಷ್ಟು ಪಂಪು, ಪಂಪಿನಿಂದ ಎರಡು ರಬ್ಬರ್ ಪೈಪು, ಪೈಪಿನ ಕೊನೆಗೆ ರೇಡಿಯೇಟರು, ಅದಕ್ಕೆ ಮೂರು ಫ್ಯಾನು. ಒಳಗೆ ಗ್ಲೈಕಾಲ್ ಬೆರೆಸಿದ ನೀರು. ಕಾರ್ಖಾನೆಯಲ್ಲೇ ತುಂಬಿ ಬಾಯಿ ಮುಚ್ಚಿರುತ್ತಾರೆ. ಮನೆಯವರು ಒಂದು ಹನಿ ಹಾಕುವಂತಿಲ್ಲ, ತೆಗೆಯುವಂತಿಲ್ಲ. ನೀರು ಬಿಲ್ಲೆಯ ಬಿಸಿ ಹೊತ್ತು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಗಾಳಿಗೆ ಒಪ್ಪಿಸಿ ತಿರುಗಿ ಬರುತ್ತದೆ. ಇಷ್ಟೇ ಅದರ ಸಂಸಾರ.

ಕಂಪ್ಯೂಟರ್ ಜೋಡಿಸಿದ್ದು ಮಹಾನವಮಿಯ ಹೊತ್ತಿಗೆ. ಅತ್ತೆ ಆಗ ನಮ್ಮಲ್ಲೇ ಇದ್ದರು. ಖಂಡೇಪೂಜೆಗೆ ಕಾರಿನ ಚಾವಿ, ಮಿಕ್ಸರು, ಕುಟ್ಟುವ ಕಲ್ಲು ಎಲ್ಲಕ್ಕೂ ಕುಂಕುಮವಾದ ಮೇಲೆ ಹೊಸ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಊರಿಂದ ತಂದ ಗಣಪ್ಪನನ್ನು ಕೂರಿಸಿ ಎರಡು ಊದಿನಕಡ್ಡಿ ಹಚ್ಚಿದರು. ಅಂದಿನಿಂದ ಗಣಪ್ಪನ ವಾಸ ಅಲ್ಲೇ. ಮಾರ್ಚ್‌ನಲ್ಲಿ ಅತ್ತೆ ಊರಿಗೆ ಹೊರಟಾಗ ನನಗೆ ಮನೆಯ ಜವಾಬ್ದಾರಿ ಒಪ್ಪಿಸಿದರು, ಗಣಪ್ಪನಿಗೆ ಕಂಪ್ಯೂಟರಿನದು.

ಅತ್ತೆ ಹೋದ ಹೊಸದರಲ್ಲಿ ಒಳಗಿನಿಂದ ಗುಳುಗುಳು ಸದ್ದು ಬರುತ್ತಿತ್ತು. ಫೋನಿನಲ್ಲೇ ಅದನ್ನು ಕೇಳಿಸಿಕೊಂಡ ಅತ್ತೆ ಅಜವಾನ ಕೊಡಲು ಹೇಳಿದರು. ಜೂನ್ ಹೊತ್ತಿಗೆ ಸದ್ದು ನಿಂತಿತು, ಕಾವು ಏರಿತು. ವಿಡಿಯೋ ಕಟ್ಟಲು ಕೂತರೆ ಕಣ್ಣು ಮಿಟುಕಿಸುವುದರೊಳಗೆ ಅಂಕಿ 95. ಅಲ್ಲಿಗೆ ಮುಟ್ಟಿದೊಡನೆ ಪ್ರೊಸೆಸರ್ ಪ್ರಾಣಭಯದಿಂದ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮಗಳು ತಿಲ್ಲಾನಕ್ಕೆ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಕನ್ನಡ ಬಳಗದ ಪಾಟ್‌ಲಕ್ ಬಂತು. ಅಮೆರಿಕದ ಕನ್ನಡ ಗಂಡಸರ ಸ್ವಭಾವವೊಂದಿದೆ. ಎಣ್ಣೆಗಾಯಿ ತಟ್ಟೆ ಹಿಡಿದು ದೇಶದ ರಾಜಕಾರಣ ಮಾತಾಡುತ್ತಿದ್ದವರು, ಎಲ್ಲಾದರೂ ಒಂದು ಕ್ಯಾಬಿನೆಟ್ಟಿನ ಮುಚ್ಚಳ ತೆರೆದ ಸದ್ದು ಕೇಳಿದರೆ ತಟ್ಟೆ ಸಮೇತ ಅಲ್ಲಿಗೆ ಬಂದು ಸುತ್ತುಗಟ್ಟುತ್ತಾರೆ. ಬಂದರು. ಒಬ್ಬರು ತಾಮ್ರದ ಬಿಲ್ಲೆಗಂಟಿದ ಪ್ಲಾಸ್ಟಿಕ್ ಹಾಳೆ ಸುಲಿಯದೆ ಹಾಗೇ ಕೂರಿಸಿರಬೇಕು ಎಂದರು. ಬಿಚ್ಚಿ ನೋಡಿದರೆ ಹಾಳೆ ಇರಲಿಲ್ಲ. (ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ತಯಾರಕರು ಆ ಹಾಳೆಯ ಮೇಲೆಯೇ ದಪ್ಪಕ್ಷರದಲ್ಲಿ ಎಚ್ಚರಿಕೆ ಅಚ್ಚುಮಾಡುತ್ತಾರೆ, ಆ ಅಕ್ಷರ ಓದಿಯೂ ಜನ ಹಾಗೇ ಕೂರಿಸುತ್ತಾರೆ.) ಇನ್ನೊಬ್ಬರು ಬಿಲ್ಲೆಗೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ ಎಂದರು. ಸರಿ, ಹೇಗೂ ಬಿಚ್ಚಿಯಾಗಿದೆ, ಹಳೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದು ಹಾಕುವುದು ಎಂದಾಯಿತು. ಬಟಾಣಿ ಕಾಳಿನಷ್ಟು ನಡುವೆ ಒಂದೇ ಚುಕ್ಕಿಯೋ, ಅಡ್ಡ-ಉದ್ದ ಎರಡು ಗೆರೆಯೋ ಎಂಬುದರ ಮೇಲೆ ನಾಲ್ವರು ಇಂಜಿನಿಯರುಗಳಲ್ಲಿ ಜಗಳ ಹತ್ತಿಕೊಂಡಿತು. ಮೆಹಂದಿ ಹಾಕುವುದರಲ್ಲಿ ಇಡೀ ಬಳಗಕ್ಕೆ ಹೆಸರಾದ ನಮ್ಮ ಗೆಳತಿಯೊಬ್ಬಳು ಅಡಿಗೆಮನೆಯಿಂದ ಬಂದು, ಪೇಸ್ಟಿನ ಸಿರಿಂಜು ಕಿತ್ತುಕೊಂಡು, ಒಂದು ಅಂಚೂ ಬಿಡದಂತೆ ತೆಳ್ಳಗೆ ಹಚ್ಚಿ ಕೈ ತೊಳೆಯಲು ಹೋದಳು. ಜಗಳ ಮುಂದುವರಿಯಿತು.

ಮೂರನೆಯವರದು ಸಮಾಧಾನದ ಧಾಟಿ. "95 ಅಂದ್ರೆ ಸಹಜಾರೀ. 2022ರಲ್ಲಿ ಬಂದ ರೈಝೆನ್ 7000 ಸಾಲಿನ ಪ್ರೊಸೆಸರ್‌ಗಳನ್ನ ಭಾರೀ ಕೆಲಸದಲ್ಲಿ 95 ಮುಟ್ಟೋ ಹಾಗೇನೇ ರೂಪಿಸಿದ್ದಾರೆ. ನೀವು ಅಂಕಿ ನೋಡೋದು ಬಿಡಿ." ಅವರು ಹೇಳಿದ್ದು ಸುಳ್ಳೇನಲ್ಲ, ತಯಾರಕರೇ ಹಾಗೆ ಹೇಳಿದ್ದಾರೆ. ನಮ್ಮವರು ಅದನ್ನು ಕೇಳಿ ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ, ಏನೂ ಕೆಲಸವಿಲ್ಲದೆ ಬರೀ ಗಣಪ್ಪನನ್ನು ಹೊತ್ತು ನಿಂತ ಯಂತ್ರ 80 ತೋರಿಸುತ್ತಿತ್ತು. ದುಡಿಯುವಾಗ 95 ಬಂದರೆ ಸ್ವಭಾವ ಅನ್ನಬಹುದು. ಸುಮ್ಮನೆ ಕೂತಾಗ 80 ಬಂದರೆ ರೋಗ.

ಮಾವನಿಗೆ ಫೋನು ಹಚ್ಚಿದ್ದು ಈ ವಿಷಯಕ್ಕಲ್ಲ, ವಾರದ ವಾಡಿಕೆಗೆ. ನಮ್ಮ ಅರಿಝೋನಾ ಬೇಸಗೆಯೆಂದು ಗಡಿಯಾರ ತಿರುವುವುದಿಲ್ಲ, ಹಾಗಾಗಿ ಭೂತನಾಳಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ತಾಸಿನ ಅಂತರ. ನಮ್ಮ ರಾತ್ರಿ ಒಂಬತ್ತಕ್ಕೆ ಅಲ್ಲಿ ಬೆಳಗಿನ ಒಂಬತ್ತೂವರೆ. ಮಾವ ಬೇವಿನ ಗಿಡದ ಕೆಳಗೆ ಯಾರದೋ ಪಂಪು ಬಿಚ್ಚಿಕೊಂಡು ಕೂತಿದ್ದರು. ಭೂತನಾಳ, ತೊರವಿ, ಟಿಕೋಟಾ ಕಡೆಯ ಭಾವಿಗಳ ಮೋಟಾರುಗಳ ಗಂಟಲು, ಹೊಟ್ಟೆ ಎಲ್ಲ ಅವರ ಕೈಯಲ್ಲೇ ಆಡಿದ್ದು. ಆ ಸೀಮೆಯಲ್ಲಿ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಬಂದ ಮೇಲಂತೂ ಅವರಿಗೆ ಬಿಡುವಿಲ್ಲ. ಕಂಪ್ಯೂಟರನ್ನು ಅವರು ಮುಟ್ಟಿದವರಲ್ಲ.

"ಮುತ್ಯಾ, ನಮ್ಮ ಪಂಪ್ ಕೆಟ್ಟಿದೆ" ಎಂದ ಮಗ.

ಮಾವ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. ಅಮೆರಿಕಕ್ಕೆ ಬಂದ ಮೇಲೆ ನಮ್ಮ ಮನೆಯಿಂದ ಅವರಿಗೆ ಅರ್ಥವಾಗುವ ಸಮಸ್ಯೆ ಹೋದದ್ದು ಅದೇ ಮೊದಲು.

"ಎಷ್ಟು ಎಚ್‌ಪಿ?"

ನಮ್ಮವರು ಫೋನು ಇಸಿದುಕೊಂಡು, ಅದು ಆ ಬಗೆಯ ಪಂಪಲ್ಲವೆಂದೂ, ಕೆಟ್ಟಿಲ್ಲವೆಂದೂ, ನಿಮಿಷಕ್ಕೆ 2,800 ಸುತ್ತು ಸರಿಯಾಗಿ ತಿರುಗುತ್ತಿರುವುದು ಗ್ರಾಫಿನಲ್ಲಿ ಕಾಣುತ್ತಿದೆಯೆಂದೂ ವಿವರಿಸಿದರು.

"ತಮ್ಮಾ, ತಿರುಗೂದು ಬ್ಯಾರೆ, ನೀರು ಎತ್ತೂದು ಬ್ಯಾರೆ. ಪೈಪಿಗೆ ಕೈ ಹಚ್ಚು."

"ಅಪ್ಪಾ, ಸೆನ್ಸಾರ್ ಐತಿ..."

"ಕೈ ಹಚ್ಚಂತ ಹೇಳಿದೆ."

ಹಚ್ಚಿದರು. ಒಂದು ಪೈಪು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ರೇಡಿಯೇಟರಿಗೆ ಕಾವೇ ಹತ್ತಿರಲಿಲ್ಲ. ನೀರು ಸರಿಯಾಗಿ ಸುತ್ತುತ್ತಿದ್ದರೆ ಎರಡು ಪೈಪುಗಳ ನಡುವೆ ನಾಲ್ಕಾರು ಡಿಗ್ರಿಗಿಂತ ಹೆಚ್ಚು ಅಂತರ ಬರುವುದಿಲ್ಲ. ಇಷ್ಟು ದಿನ ಮೂರು ತಂತ್ರಾಂಶಗಳು ಅಳೆದದ್ದು ಪ್ರೊಸೆಸರಿನ ಕಾವು, ಪಂಪಿನ ಸುತ್ತು, ಫ್ಯಾನಿನ ಸುತ್ತು. ನೀರು ಹರಿಯುತ್ತಿದೆಯೋ ಇಲ್ಲವೋ ಎಂದು ಅಳೆಯುವ ಉಪಕರಣ ಆ ಕೂಲರಿನಲ್ಲಿ ಇರಲೇ ಇಲ್ಲ.

"ಹವಾ ಹಿಡದೈತಿ" ಎಂದರು ಮಾವ. "ರೇಡಿಯೇಟರ್ ಎಲ್ಲೈತಿ? ಪಂಪಿನ ಮ್ಯಾಲೊ, ಕೆಳಗೊ?"

"ಕೆಳಗ."

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗನನ್ನು ಇಂಜಿನಿಯರಿಂಗ್ ಓದಿಸಲು ಮಾರಿದ ಹೊಲ ಅವರ ಕಣ್ಣೆದುರು ಬಂದಿರಬೇಕು.

ಬಾಯಿ ಮುಚ್ಚಿದ ಕೂಲರಿನಲ್ಲೂ ಚೂರು ಗಾಳಿ ಇದ್ದೇ ಇರುತ್ತದೆ. ವರ್ಷ ಕಳೆದಂತೆ ರಬ್ಬರ್ ಪೈಪಿನ ಗೋಡೆಯಿಂದ ನೀರಿನಂಶ ಅಷ್ಟಷ್ಟೇ ಆವಿಯಾಗಿ, ಗಾಳಿಯ ಜಾಗ ಇನ್ನೂ ಹಿಗ್ಗುತ್ತದೆ. ಗಾಳಿ ಹೋಗಿ ಸೇರುವುದು ಎತ್ತರದ ಜಾಗಕ್ಕೆ. ರೇಡಿಯೇಟರಿನ ತಲೆ ಎಲ್ಲಕ್ಕಿಂತ ಮೇಲಿದ್ದರೆ ಗಾಳಿ ಅಲ್ಲಿ ತೆಪ್ಪಗೆ ಕೂರುತ್ತದೆ. ರೇಡಿಯೇಟರನ್ನು ತಳದಲ್ಲಿ ಹಾಕಿದರೆ ಪಂಪೇ ಎತ್ತರದ ಜಾಗ. ಗಾಳಿ ಅದರ ಹೊಟ್ಟೆಯಲ್ಲಿ ಕೂತು, ಪಂಪು ನೀರಿಗೆ ಬದಲು ಗಾಳಿಯನ್ನು ಕಡೆಯುತ್ತದೆ. ಭೂತನಾಳದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಪೈಪ್‌ಲೈನಿನಲ್ಲಿ ಏರು ಬಂದ ಕಡೆ ಗಾಳಿ ಬಿಡುವ ವಾಲ್ವ್ ಕೂರಿಸಿರುತ್ತಾರೆ. ಅಷ್ಟೇ ಏಕೆ, ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಸುರಂಗದಿಂದ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿದ್ದಾಗ, ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದ್ದರು. ಒತ್ತಡಕ್ಕೆ ಕೊಳವೆ ಒಡೆಯಬಾರದು, ನೀರಿನ ಕೆಸರು ತಳಕ್ಕೆ ಕೂರಬೇಕು ಎಂಬುದು ಅವುಗಳ ಉದ್ದೇಶ. ಇಂದಿಗೂ ವಿಜಯಪುರದಲ್ಲಿ ಕೆಲವು ನಿಂತಿವೆ. ಗಾಳಿ ಹೊರಗೆ ಹೋಗಲಿಕ್ಕೂ ಅವು ದಾರಿ ಎಂಬುದು ಮಾವನ ಸ್ವಂತ ಸಂಶೋಧನೆ. "ಬಾದಶಾಹಗ ತಿಳದಿದ್ದು ನಿನಗ ತಿಳೀಲಿಲ್ಲೇನೊ?" ಎಂದರು ಮಗನಿಗೆ. "ಮ್ಯಾಲ ಹಾಕೂದು ಬಿಟ್ಟು ಕೆಳಗ ಯಾಕ ಹಾಕಿದಿ?"

ನಮ್ಮವರು ಉತ್ತರಿಸಲಿಲ್ಲ. ಉತ್ತರಿಸಿದ್ದು ಮಗ. "ಮೇಲೆ ಗಣಪ್ಪ ಇದ್ದಾನೆ ಮುತ್ಯಾ. ರೇಡಿಯೇಟರಿನ ಬಿಸಿ ಗಾಳಿ ದೇವರಿಗೆ ಬಡೀಬಾರ್ದು ಅಂತ ಡ್ಯಾಡಿ ಕೆಳಗೆ ಹಾಕಿದ್ರು."

ಭೂತನಾಳದ ಪರದೆ ಅಲ್ಲಾಡಿತು. ಅತ್ತೆ ಫೋನು ಕಸಿದುಕೊಂಡಿದ್ದರು.

"ಏನು, ನನ್ನ ಗಣಪ್ಪನ ಮ್ಯಾಲ ತಪ್ಪು ಹೊರಸಾಕತ್ತೀರೇನು?"

"ಇಲ್ಲವ್ವಾ, ಯಾರ್ ಹೇಳಿದ್ರು?" ಎಂದರು ನಮ್ಮವರು.

"ಅಂವಾ ಅಲ್ಲೇ ಇರಲಿ. ನಿಮ್ಮ ಪೈಪು ಎಲ್ಲಿ ಬೇಕಾದ್ರೂ ಹಾಕ್ಕೊಳ್ರಿ."

ಮಾವ ಆಚೆಯಿಂದಲೇ ರಾಜಿ ಸೂತ್ರ ಕೂಗಿದರು: ರೇಡಿಯೇಟರನ್ನು ಮುಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತಲೆ ಪಂಪಿಗಿಂತ ಮೇಲೆ ಬಂದರೆ ಸಾಕು. ಗಣಪ್ಪ ನೆತ್ತಿಯ ಮೇಲೇ ಇರಬಹುದು. ಹೀಗೆ ಒಂದು ಕೌಟುಂಬಿಕ ಬಿಕ್ಕಟ್ಟು ನಾಲ್ಕು ಸ್ಕ್ರೂಗಳಲ್ಲಿ ಬಗೆಹರಿಯಿತು. ಇಂಥ ಸೂತ್ರ ಹೊಳೆಯಬೇಕಾದರೆ ಪಂಪಿನ ಅನುಭವ ಸಾಲದು, ಅತ್ತೆಯೊಂದಿಗೆ ನಲವತ್ತು ವರ್ಷ ಬಾಳಿರಬೇಕು.

ಸ್ಥಳಾಂತರದ ಕೆಲಸ ಮರುದಿನ ಮಾವನ ಮೇಲ್ವಿಚಾರಣೆಯಲ್ಲಿ ನಡೆಯಿತು. ರೇಡಿಯೇಟರಿನ ರೆಕ್ಕೆಗಳ ನಡುವೆ ಧೂಳು ಮೆತ್ತಿತ್ತು, ಜೊತೆಗೆ ಖಂಡೇಪೂಜೆಯ ಕುಂಕುಮ, ಊದಿನಕಡ್ಡಿಯ ಬೂದಿ. ಪಂಪಿನ ವೈರು ಮದರ್‌ಬೋರ್ಡಿನಲ್ಲಿ ತನ್ನ ಜಾಗದಲ್ಲೇ ಇತ್ತು. ಅಷ್ಟನ್ನಾದರೂ ನಮ್ಮವರು ಸರಿಯಾಗಿ ಮಾಡಿದ್ದರು ಎಂದು ದಾಖಲಿಸುತ್ತೇನೆ. ಸ್ಕ್ರೂ ಬಿಗಿಯುವಾಗ ಒಂದನ್ನೇ ಪೂರ್ತಿ ತಿರುವಬೇಡ, ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ ಎಂದು ಮಾವ ಹೇಳಿದರು. ಕೂಲರಿನ ಪುಸ್ತಕದಲ್ಲೂ ಅದೇ ಇತ್ತು, ಪುಸ್ತಕದ ಪ್ಲಾಸ್ಟಿಕ್ ಚೀಲ ಇನ್ನೂ ಹರಿದಿರಲಿಲ್ಲ. ಕೊನೆಗೆ ಗಣಪ್ಪನನ್ನು ಪಕ್ಕಕ್ಕಿರಿಸಿ, ಯಂತ್ರ ಚಾಲೂ ಮಾಡಿ, ಒಳಗಿನ ಗಾಳಿ ಮೇಲೇರಲಿ ಎಂದು ಅಪ್ಪ-ಮಗ ಎರಡು ಕಡೆ ಹಿಡಿದು ಕ್ಯಾಬಿನೆಟ್ಟನ್ನು ಮೆಲ್ಲಗೆ ವಾಲಾಡಿಸಿದರು. ಅತ್ತೆ ಆ ಕಡೆಯಿಂದ, "ಜೋಗುಳ ಹಾಡಲೇನು?" ಎಂದರು. ಗುಳುಗುಳು ಸದ್ದು ಪೈಪಿನಲ್ಲಿ ಹಾದು ಮೇಲೆ ಹೋದದ್ದು ನಮಗೆಲ್ಲ ಕೇಳಿಸಿತು. ಅಂಕಿ 80ರಿಂದ ಜಾರಿ 42ಕ್ಕೆ ಬಂದು ನಿಂತಿತು. ಆಮೇಲೆ ಇಡೀ ರಂಗಪ್ರವೇಶವನ್ನು ಅರೆದು ಕೊಟ್ಟರೂ 75 ದಾಟಲಿಲ್ಲ.

ಇಷ್ಟಕ್ಕೆ ಸುಮ್ಮನಾಗುವವರು ನಮ್ಮವರಲ್ಲ. 42 ಯಾಕೆ, 25ಕ್ಕೆ ಇಳಿಸಲು ಏನು ಮಾಡಬೇಕು ಎಂದು ಕೇಳಿದರು. ಕೋಣೆಯೇ 28 ಇರುವಾಗ ಯಾವ ರೇಡಿಯೇಟರೂ ನೀರನ್ನು ಅದಕ್ಕಿಂತ ತಂಪು ಮಾಡಲಾರದು. ಮನೆಯ ಮಣ್ಣಿನ ಗಡಿಗೆಯಲ್ಲಿ ನೀರು ಗಾಳಿಗಿಂತ ತಂಪಾಗುವುದು ಹೊರಮೈಯಿಂದ ನೀರು ಆರುತ್ತಲೇ ಇರುವುದರಿಂದ. ಇಲ್ಲಿ ಬಾಯಿ ಮುಚ್ಚಿದೆ, ಆರುವುದೆಲ್ಲಿಂದ? ಮಾವ ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಿದರು: "ಗಡಿಗಿ ಬೆವರತೈತಿ, ಇದು ಬೆವರಂಗಿಲ್ಲ." ನಮ್ಮವರ ಮುಂದಿನ ಕ್ರಮ ಮನೆಯ ಏಸಿಯನ್ನು ಇನ್ನೂ ಇಳಿಸುವುದಾಗಿತ್ತು. ಕರೆಂಟಿನ ಬಿಲ್ಲು ತಂದು ನಾನೇ ಗಣಪ್ಪನ ಪಕ್ಕಕ್ಕೆ ಅಂಟಿಸಿದೆ.

ಸುದ್ದಿ ಬಳಗದಲ್ಲಿ ಹರಡಿತು. ಅಂದು ಪೇಸ್ಟಿನ ಆಕಾರಕ್ಕೆ ಜಗಳಾಡಿದ ನಾಲ್ವರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಮಾವನ ನಂಬರು ಕೇಳಿ ಪಡೆದರು. ಬೇವಿನ ಗಿಡದ ಕೆಳಗೆ ಈಗ ಚಾಂಡ್ಲರ್, ಗಿಲ್ಬರ್ಟ್, ಟೆಂಪಿಯ ಕ್ಯಾಬಿನೆಟ್ಟುಗಳೂ ಸಾಲು ಹಚ್ಚುತ್ತವೆ. ಮಾವ ಫೀಸು ತಗೊಳ್ಳುವುದಿಲ್ಲ, ಬೈಗಳು ಮಾತ್ರ ಕೊಡುತ್ತಾರೆ. ಸಮಾಧಾನದ ಧಾಟಿಯ ಆ ಮೂರನೆಯವರು ಹೋದ ಶನಿವಾರ ಮಧ್ಯಾಹ್ನ ಮೂರಕ್ಕೆ, ಅಲ್ಲಿ ನಸುಕಿನ ಮೂರೂವರೆ ಎಂಬುದನ್ನು ಲೆಕ್ಕಿಸದೆ ಫೋನು ಹಚ್ಚಿ, ತಮ್ಮ ಪ್ರೊಸೆಸರ್ ಕಾಯುತ್ತಿದೆ ಎಂದರಂತೆ. ಮಾವ ಕಣ್ಣುಜ್ಜಿಕೊಂಡು ಪೈಪಿಗೆ ಕೈ ಹಚ್ಚಲು ಹೇಳಿದರಂತೆ. ತಮ್ಮದು ಬರೀ ಫ್ಯಾನಿನ ಕೂಲರ್, ಅದಕ್ಕೆ ಪೈಪೇ ಇಲ್ಲ ಎಂದರಂತೆ ಅವರು.

"ಸಾಹೇಬ್ರ, ನೀರೇ ಇಲ್ಲಂದ ಮ್ಯಾಲ ನನ್ನ ಯಾಕ ಎಬಸಿದ್ರಿ?"